ಜೀರುಂಡೆ ಯಾವ ಮರದಲ್ಲಿದೆ? ಶತ್ರುವಿನ ರೇಡಿಯೊ ಹಿಡಿಯುವ ವಿದ್ಯೆ

2025ರ ಜುಲೈ 29ರಂದು ಗೃಹ ಸಚಿವ ಅಮಿತ್ ಶಾ ಲೋಕಸಭೆಯಲ್ಲಿ ಆಪರೇಷನ್ ಮಹಾದೇವದ ವಿವರ ಕೊಟ್ಟರು. ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದಿದ್ದ ಮೂವರು ಉಗ್ರರು ಹಿಂದಿನ ದಿನವಷ್ಟೇ ಶ್ರೀನಗರದ ಮಗ್ಗುಲಿನ ದಾಚಿಗಾಮ್ ಕಾಡಿನಲ್ಲಿ ಹತರಾಗಿದ್ದರು. ಬೈಸರನ್‌ನಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದುದರಿಂದ ಆ ಸುದ್ದಿಗೆ ನಮ್ಮಲ್ಲಿ ಮನೆಮನೆಯಲ್ಲೂ ಕಿವಿಗೊಟ್ಟಿದ್ದರು.

ಆ ಭಾಷಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಎರಡು ದಿನಾಂಕಗಳು. ಉಗ್ರರು ದಾಚಿಗಾಮ್‌ನಲ್ಲಿದ್ದಾರೆ ಎಂಬ ಸುಳಿವು ಗುಪ್ತಚರ ದಳಕ್ಕೆ ಸಿಕ್ಕಿದ್ದು ಮೇ 22ಕ್ಕೆ. ಅದು ಸೆನ್ಸರ್‌ಗಳ ಮೂಲಕ ಖಚಿತವಾದದ್ದು ಜುಲೈ 22ಕ್ಕೆ. ನಡುವಿನ ಎರಡು ತಿಂಗಳು, ಉಗ್ರರ ಬಳಿಯಿದ್ದ ‘ಅಲ್ಟ್ರಾ’ ರೇಡಿಯೊ ಸೆಟ್ಟಿನ ಸಿಗ್ನಲ್ ಹಿಡಿಯಲು, ನಮ್ಮದೇ ಸಂಸ್ಥೆಗಳು ತಯಾರಿಸಿದ ಉಪಕರಣಗಳೊಂದಿಗೆ ಗುಪ್ತಚರ ದಳದ ಮತ್ತು ಸೇನೆಯ ಅಧಿಕಾರಿಗಳು ಚಳಿಯಲ್ಲಿ, ಎತ್ತರದ ಬೆಟ್ಟಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದರು ಎಂದು ಸಚಿವರು ಹೇಳಿದರು.

ನಮ್ಮಲ್ಲಿ ಉಪಗ್ರಹವಿದೆ, ವಿಮಾನವಿದೆ, ಡ್ರೋನ್ ಇದೆ. ಆದರೂ ಮನುಷ್ಯರು ಎರಡು ತಿಂಗಳು ನಡೆಯಬೇಕಾಯಿತು. ಯಾಕೆ?

ಮಲೆನಾಡಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಒಳಗುಟ್ಟು ಬೇಗ ಹೊಳೆಯುತ್ತದೆ. ಮಳೆಗಾಲ ಹತ್ತಿರವಾದಾಗ ಕಾಡಿಗೆ ಕಾಡೇ ಜೀರುಂಡೆಯ ಸದ್ದಿನಿಂದ ತುಂಬಿರುತ್ತದೆ. ಕೇಳಿಸುವುದಕ್ಕೆ ಏನೂ ಕಷ್ಟವಿಲ್ಲ. ಆದರೆ ಅದು ಯಾವ ಮರದಲ್ಲಿ, ಯಾವ ಕೊಂಬೆಯಲ್ಲಿ ಕೂತಿದೆ ಎಂದು ಹುಡುಕಹೊರಟರೆ ದಿಕ್ಕೇ ತಪ್ಪುತ್ತದೆ. ಹತ್ತಿರ ಹೋದರೆ ಸದ್ದು ನಿಂತುಬಿಡುತ್ತದೆ. ರೇಡಿಯೊ ಹಿಡಿಯುವವರ ಪಾಡೂ ಹೀಗೆಯೇ.

ಪಾಕಿಸ್ತಾನ ಸೇನೆಗೆಂದು ತಯಾರಾದ ಚೀನಾ ಮೂಲದ ಕೈಸೆಟ್ಟುಗಳಿಗೆ ನಮ್ಮ ಭದ್ರತಾ ಪಡೆಗಳು ‘ಅಲ್ಟ್ರಾ ಸೆಟ್’ ಎನ್ನುತ್ತವೆ ಎಂದು ಕೆಲವು ವರ್ಷಗಳಿಂದ ವರದಿಯಾಗುತ್ತಿದೆ. ಅದು ಸಾಮಾನ್ಯ ಮೊಬೈಲ್ ಜಾಲವನ್ನು ನೆಚ್ಚುವುದಿಲ್ಲ. ಮಾತು ಗೂಢಲಿಪಿಯಲ್ಲಿ ಹೋಗುತ್ತದೆ. ಇಲ್ಲಿ ಒಂದು ವಿಷಯವನ್ನು ಬೇರೆ ಮಾಡಿ ನೋಡಬೇಕು. ಗೂಢಲಿಪಿ ಮುಚ್ಚಿಡುವುದು ಮಾತಿನ ಅರ್ಥವನ್ನು ಮಾತ್ರ, ಮಾತಾಡಿದ ಜಾಗವನ್ನಲ್ಲ. ಸೆಟ್ಟಿನ ಗುಂಡಿ ಒತ್ತಿದ ಕ್ಷಣದಲ್ಲಿ ಆಂಟೆನಾದಿಂದ ಶಕ್ತಿ ನಾಲ್ಕೂ ದಿಕ್ಕಿಗೆ ಹರಡುತ್ತದೆ, ಕೇಳಬೇಕಾದವರಿಗೂ ಕೇಳಬಾರದವರಿಗೂ. ಏನು ಹೇಳಿದ ಎಂಬುದು ಎಂದಿಗೂ ಬಿಡಿಸಲಾಗದೆ ಉಳಿಯಬಹುದು. ಎಲ್ಲಿ ನಿಂತು ಹೇಳಿದ ಎಂಬುದನ್ನು ಹಿಡಿಯಬಹುದು.

ಈ ಸತ್ಯದ ನೆರಳಿನಲ್ಲೇ ಬದುಕಿ ಕೆಲಸ ಮಾಡಿದವಳು ಮೈಸೂರಿನ ಟಿಪ್ಪು ಸುಲ್ತಾನನ ವಂಶದ ಕುಡಿ ನೂರ್ ಇನಾಯತ್ ಖಾನ್. 1943ರ ಜೂನ್‌ನಲ್ಲಿ ಬ್ರಿಟನ್ನಿನ ಗುಪ್ತ ಸಂಸ್ಥೆ ಆಕೆಯನ್ನು ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ರೇಡಿಯೊ ಆಪರೇಟರ್ ಆಗಿ ಇಳಿಸಿತು. ಕೆಲವೇ ದಿನಗಳಲ್ಲಿ ಆಕೆಯ ಜಾಲದವರೆಲ್ಲ ಒಬ್ಬೊಬ್ಬರಾಗಿ ಸೆರೆಯಾದರು. ವಾಪಸು ಬಾ ಎಂದರೂ ನೂರ್ ಬರಲಿಲ್ಲ. ಪ್ಯಾರಿಸ್ಸಿನ ಬೀದಿಗಳಲ್ಲಿ ದಿಕ್ಕು ಪತ್ತೆ ಮಾಡುವ ಆಂಟೆನಾಗಳನ್ನು ಮರೆಮಾಡಿಕೊಂಡ ಜರ್ಮನ್ ವ್ಯಾನುಗಳು ಸುತ್ತುತ್ತಿದ್ದವು. ಒಂದೇ ಮನೆಯಿಂದ ಹೆಚ್ಚು ಹೊತ್ತು ಪ್ರಸಾರ ಮಾಡಿದರೆ ವ್ಯಾನು ಬಾಗಿಲಿಗೆ ಬರುತ್ತಿತ್ತು. ಹಾಗಾಗಿ ಸೂಟ್‌ಕೇಸಿನಲ್ಲಿ ಭಾರದ ಸೆಟ್ಟನ್ನು ಹೊತ್ತು ಆಕೆ ಮನೆಯಿಂದ ಮನೆಗೆ ಓಡಾಡುತ್ತ, ಸ್ವಲ್ಪ ಹೊತ್ತು ಕಳಿಸಿ ಮತ್ತೆ ಜಾಗ ಬಿಡುತ್ತ ಅಕ್ಟೋಬರ್‌ವರೆಗೂ ಕೆಲಸ ಮುಂದುವರಿಸಿದಳು. ಕೊನೆಗೆ ಆಕೆಯನ್ನು ಹಿಡಿಸಿದ್ದು ವ್ಯಾನಲ್ಲ, ತಮ್ಮವರದೇ ದ್ರೋಹ. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖೌ ಯಾತನಾ ಶಿಬಿರದಲ್ಲಿ ಆಕೆಯನ್ನು ಕೊಂದರು. ಅಂದು ನೂರ್ ಮಾಡಿದ್ದನ್ನೇ, ಅಂದರೆ ಕಡಿಮೆ ಮಾತಾಡಿ ಬೇಗ ಜಾಗ ಬದಲಿಸುವುದನ್ನು, ಇಂದಿನ ಪ್ರತಿಯೊಂದು ಸೇನೆಯೂ ತನ್ನ ಸೈನಿಕನಿಗೆ ಕಲಿಸುತ್ತದೆ. ನಮ್ಮನ್ನು ಕೊಲ್ಲಬಂದವರೂ ಅದನ್ನು ಕಲಿತೇ ಬರುತ್ತಾರೆ.

ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆಗಳಿವೆ. ಚೆಚೆನ್ಯಾದ ನಾಯಕ ಜೋಖರ್ ದುದಾಯೆವ್ 1996ರ ಏಪ್ರಿಲ್ 21ರಂದು ಸ್ಯಾಟಲೈಟ್ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ರಷ್ಯಾದ ಕ್ಷಿಪಣಿಗೆ ಬಲಿಯಾದ. ಅದೇ ರಷ್ಯಾ 2023ರ ಹೊಸ ವರ್ಷದ ಮೊದಲ ದಿನ ತನ್ನ ವಶದಲ್ಲಿದ್ದ ಮಾಕಿಯಿವ್ಕಾ ಊರಿನ ಒಂದೇ ಕಟ್ಟಡದಲ್ಲಿ ಉಕ್ರೇನಿನ ದಾಳಿಗೆ ತನ್ನ 89 ಸೈನಿಕರನ್ನು ಕಳೆದುಕೊಂಡಿತು. ಇದು ಆ ದೇಶದ ರಕ್ಷಣಾ ಇಲಾಖೆಯೇ ಕೊಟ್ಟ ಲೆಕ್ಕ. ನಿಷೇಧವಿದ್ದರೂ ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದು ಇಲಾಖೆ ಹೇಳಿತು.

ಈಗ ದಿಕ್ಕು ಹಿಡಿಯುವುದು ಹೇಗೆಂದು ನೋಡೋಣ. ನಮಗೆ ಎರಡು ಕಿವಿಗಳಿರುವುದರಿಂದ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುತ್ತದೆ. ರೇಡಿಯೊ ಅಲೆಗೂ ಎರಡು ಅಥವಾ ಹೆಚ್ಚು ಆಂಟೆನಾಗಳನ್ನು ಒಡ್ಡಿದರೆ ಅಲೆಯ ಏರಿಳಿತ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ದಿಕ್ಕು ಸಿಗುತ್ತದೆ. ಒಂದು ಜಾಗದಿಂದ ಸಿಗುವುದು ದಿಕ್ಕು ಮಾತ್ರ, ದೂರವಲ್ಲ. ಬೇರೆ ಎರಡು ಜಾಗಗಳಿಂದಲೂ ದಿಕ್ಕಿನ ಗೆರೆ ಎಳೆದು, ಮೂರೂ ಗೆರೆ ಕೂಡುವಲ್ಲಿ ನಕ್ಷೆಯ ಮೇಲೆ ಗುರುತು ಹಾಕಬೇಕು.

ಕಾಗದದ ಮೇಲೆ ಇದು ಹೈಸ್ಕೂಲಿನ ರೇಖಾಗಣಿತ. ನೆಲದ ಮೇಲೆ ಲೆಕ್ಕ ಬೇರೆ. ಒಂದು ಡಿಗ್ರಿ ತಪ್ಪಿದರೆ 60 ಕಿ.ಮೀ. ದೂರದಲ್ಲಿ ಗುರುತು ಒಂದು ಕಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಸಮುದ್ರದಲ್ಲಿ ಅಷ್ಟು ಸಾಕು. ಮೊದಲ ಮಹಾಯುದ್ಧದ ಜಟ್‌ಲೆಂಡ್ ನೌಕಾಯುದ್ಧದ ಹಿಂದಿನ ದಿನ, 1916ರ ಮೇ 30ರಂದು, ಜರ್ಮನ್ ಹಡಗೊಂದರ ರೇಡಿಯೊ ಬರುತ್ತಿದ್ದ ದಿಕ್ಕು ಒಂದೂವರೆ ಡಿಗ್ರಿ ಜರುಗಿದ್ದನ್ನು ಇಂಗ್ಲೆಂಡಿನ ಪೂರ್ವ ಕರಾವಳಿಯ ಕೇಂದ್ರಗಳು ಕಂಡುಕೊಂಡವು. ಹಡಗುಗಳು ಬಂದರು ಬಿಟ್ಟು ಹೊರಟಿವೆ ಎಂದು ಬ್ರಿಟಿಷ್ ನೌಕಾಪಡೆ ಅದರಿಂದ ಊಹಿಸಿತು. ಆದರೆ ದಾಚಿಗಾಮ್ ಸಮುದ್ರವಲ್ಲ. ಆ ರಾಷ್ಟ್ರೀಯ ಉದ್ಯಾನ 141 ಚದರ ಕಿ.ಮೀ. ಇದೆ, ಸುಮಾರು ಐದೂವರೆ ಸಾವಿರ ಅಡಿಯಿಂದ ಹದಿನಾಲ್ಕು ಸಾವಿರ ಅಡಿಯವರೆಗೆ ಏರುತ್ತದೆ. ಅಂಥ ಕಡೆ ಮೂರು ಡಿಗ್ರಿ ತಪ್ಪು ತೀರಾ ಸಾಮಾನ್ಯ. ಹತ್ತು ಕಿ.ಮೀ. ದೂರಕ್ಕೆ ಅದು ಅರ್ಧ ಕಿ.ಮೀ. ಆಗುತ್ತದೆ, ಅರ್ಧ ಕಿ.ಮೀ. ಒಳಗೆ ಎರಡು ಕಣಿವೆ, ಒಂದು ದಿಣ್ಣೆ, ನೂರು ಬಂಡೆಗಳಿರುತ್ತವೆ.

ಇದಕ್ಕಿಂತ ದೊಡ್ಡ ಮೋಸ ಪ್ರತಿಧ್ವನಿಯದು. ವಿಜಯಪುರದ ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದವರಿಗೆ ಗೊತ್ತು: ಸದ್ದು ಮತ್ತೆ ಮತ್ತೆ ಮರಳುತ್ತದೆ, ಚಪ್ಪಾಳೆ ತಟ್ಟಿದ್ದು ಯಾರು, ಎಲ್ಲಿಂದ ಎಂದು ಎದುರಿನವರಿಗೆ ಹೇಳಲಾಗುವುದಿಲ್ಲ. ಬೆಟ್ಟದ ಕಣಿವೆ ರೇಡಿಯೊ ಅಲೆಗೆ ಗೋಳಗುಮ್ಮಟವೇ ಸರಿ. ಸೆಟ್ಟಿನಿಂದ ಹೊರಟ ಅಲೆ ನೇರವಾಗಿ ಬರುವ ದಾರಿಯನ್ನು ದಿಣ್ಣೆ ತಡೆಯುತ್ತದೆ; ಎದುರಿನ ಬಂಡೆಗೆ ಬಡಿದು ಬಂದದ್ದು ಮಾತ್ರ ಆಂಟೆನಾಕ್ಕೆ ಸಿಗುತ್ತದೆ. ಯಂತ್ರ ಪೂರ್ತಿ ನಂಬಿಕೆಯಿಂದ ಬಂಡೆಯತ್ತ ಬೆರಳು ತೋರಿಸುತ್ತದೆ, ಮನುಷ್ಯ ಇರುವುದು ಬೆನ್ನಿನ ಕಡೆ.

ದಿಕ್ಕಿನ ಬದಲು ಸಮಯ ಅಳೆಯುವ ದಾರಿಯೂ ಇದೆ. ಒಂದೇ ಸಿಗ್ನಲ್ ದೂರದೂರದ ಮೂರ್ನಾಲ್ಕು ಕೇಂದ್ರಗಳಿಗೆ ಎಷ್ಟೆಷ್ಟು ತಡವಾಗಿ ಮುಟ್ಟಿತು ಎಂಬುದರಿಂದ ನೆಲೆ ಲೆಕ್ಕಹಾಕುವುದು. ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಹಾಗಾಗಿ ಕೇಂದ್ರಗಳ ಗಡಿಯಾರಗಳು ಮೈಕ್ರೊಸೆಕೆಂಡಿನ ಸಣ್ಣ ಪಾಲಿನಷ್ಟೂ ಹಿಂದುಮುಂದಾಗಬಾರದು. ಈ ಗಡಿಯಾರಗಳನ್ನು ಹೊಂದಿಸುವುದು ಸಾಮಾನ್ಯವಾಗಿ ಜಿಪಿಎಸ್‌ನಂಥ ಉಪಗ್ರಹಗಳಿಂದ, ಯುದ್ಧ ಶುರುವಾದರೆ ಮೊದಲು ಮಂಕಾಗುವುದೂ ಅದೇ ಸಿಗ್ನಲ್. (2023ರ ಮೇ 29ರಂದು ಹಾರಿಸಿದ ನಮ್ಮ ನಾವಿಕ್ ಸರಣಿಯ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರ ಮೊದಲ ಬಾರಿಗೆ ಹೋಯಿತು. ಅದರ ಬೆಲೆ ಇಂಥ ಕಡೆ ಅರ್ಥವಾಗುತ್ತದೆ.) ಇನ್ನೊಂದು ತೊಡಕೂ ಇದೆ. ಸಮಯ ಅಳೆಯುವ ವಿಧಾನ ಅಗಲವಾದ ಬ್ಯಾಂಡಿನ, ಅಂದರೆ ಒಮ್ಮೆಗೇ ಹೆಚ್ಚು ಫ್ರೀಕ್ವೆನ್ಸಿಗಳಲ್ಲಿ ಹರಡಿದ ಸಿಗ್ನಲ್‌ಗಳಿಗೆ, ರೇಡಾರ್ ಮಿಡಿತಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕೈಸೆಟ್ಟಿನ ಇಕ್ಕಟ್ಟಾದ ಸಿಗ್ನಲ್‌ನಲ್ಲಿ ಸಮಯದ ಅಂಚು ಮಸುಕಾಗಿರುತ್ತದೆ.

ಕಾಲ್ನಡಿಗೆ ಯಾಕೆ ಬೇಕಾಯಿತು ಎಂಬುದಕ್ಕೆ ಇಲ್ಲಿದೆ ಕಾರಣ. ಆಂಟೆನಾಗಳ ನಡುವಿನ ಅಂತರ ಅಲೆಯ ಉದ್ದಕ್ಕೆ ಹೋಲಿಸಿದರೆ ದೊಡ್ಡದಿದ್ದಷ್ಟೂ ದಿಕ್ಕು ನಿಖರ. ವಾಕಿಟಾಕಿಗಳು ಬಳಸುವ 150 ಮೆಗಾಹರ್ಟ್ಸ್ ಸುಮಾರಿನಲ್ಲಿ ಅಲೆಯೇ ಎರಡು ಮೀಟರ್ ಉದ್ದ. ಲಾರಿಯ ಮೇಲೆ ಎತ್ತರದ ಕಂಬ ನಿಲ್ಲಿಸಿ ಆಂಟೆನಾಗಳನ್ನು ಅಗಲವಾಗಿ ಹರಡಬಹುದು. ಬೆನ್ನಿನ ಮೇಲೆ ಹೊರುವ ಪೆಟ್ಟಿಗೆಯಲ್ಲಿ ಅದು ಆಗದ ಮಾತು. ಲಾರಿ ಕಾಡಿನ ದಿಣ್ಣೆ ಹತ್ತುವುದಿಲ್ಲ. ಬೆನ್ನಿನ ಪೆಟ್ಟಿಗೆಯ ನಿಖರತೆ ಕಡಿಮೆ. ಆ ಕೊರತೆ ತುಂಬುವ ದಾರಿ ಒಂದೇ, ಹತ್ತಿರ ಹೋಗುವುದು. ಒಂದು ಗೆರೆ ಸಿಕ್ಕಿದರೆ ಬರೆದಿಟ್ಟುಕೊಂಡು, ಬೆಟ್ಟ ಸುತ್ತಿ ಇನ್ನೊಂದು ಮಗ್ಗುಲಿಗೆ ಹೋಗಿ, ಆ ಸೆಟ್ಟು ಮತ್ತೆ ಯಾವಾಗ ಬಾಯಿ ತೆರೆಯುತ್ತದೋ ಎಂದು ಕಾಯುವುದು. ದಿನಕ್ಕೆ ಒಂದೆರಡು ಸಲ, ಕೆಲವು ಸೆಕೆಂಡು ಮಾತ್ರ ಮಾತಾಡುವ ಸೆಟ್ಟಿಗೆ ಈ ಕಾಯುವಿಕೆ ವಾರಗಳನ್ನು ನುಂಗುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆಯ ಮುಖ್ಯ ಮನೆ ಹೈದರಾಬಾದಿನಲ್ಲಿರುವ ಡಿಆರ್‌ಡಿಒದ ಡಿಎಲ್‌ಆರ್‌ಎಲ್ ಪ್ರಯೋಗಾಲಯ. ಉತ್ಪಾದನೆಯ ಭಾರ ಹೊತ್ತದ್ದು 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಬಿಇಎಲ್. ಸಿ.ವಿ. ರಾಮನ್ ನಗರದ ಡೇರ್ ಪ್ರಯೋಗಾಲಯ ಯುದ್ಧವಿಮಾನಗಳಿಗೆ ‘ತರಂಗ್’ ಹೆಸರಿನ ಎಚ್ಚರಿಕೆ ಸಾಧನವನ್ನು ರೂಪಿಸಿತು. ಶತ್ರು ರೇಡಾರ್ ತನ್ನತ್ತ ತಿರುಗಿದ್ದನ್ನು ಅದು ಪೈಲಟ್‌ಗೆ ತಿಳಿಸುತ್ತದೆ. ಭೂಸೇನೆಯ ‘ಸಂಯುಕ್ತ’ ವ್ಯವಸ್ಥೆ ಒಂದು ಇಡೀ ಪಡೆಯೇ ಸರಿ: ಪ್ರಕಟಿತ ವಿವರಗಳ ಪ್ರಕಾರ 145 ವಾಹನಗಳು, 150 ಕಿ.ಮೀ. ಉದ್ದ 70 ಕಿ.ಮೀ. ಅಗಲದ ಪ್ರದೇಶದ ಮೇಲೆ ಕಿವಿ. ನೌಕಾಪಡೆಯ ಹಡಗುಗಳಿಗೆ ಇಂಥದೇ ಕೆಲಸ ಮಾಡುವ ‘ಶಕ್ತಿ’ಯನ್ನು ಪ್ರಧಾನಿ 2021ರ ನವೆಂಬರ್ 19ರಂದು ಝಾನ್ಸಿಯಲ್ಲಿ ಹಸ್ತಾಂತರಿಸಿದರು. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45 ಹೊತ್ತೊಯ್ದ 436 ಕಿಲೊ ತೂಕದ ಎಮಿಸ್ಯಾಟ್ ಸುಮಾರು 748 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ವಿದ್ಯುತ್ಕಾಂತೀಯ ರೋಹಿತವನ್ನು ಅಳೆಯುವ ಉಪಗ್ರಹ ಎಂದಷ್ಟೇ ಇಸ್ರೊ ಹೇಳಿತು. ಅದರೊಳಗಿನ ಉಪಕರಣಕ್ಕೆ ‘ಕೌಟಿಲ್ಯ’ ಎಂದು ಹೆಸರು.

ಇವುಗಳ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಎಮಿಸ್ಯಾಟ್ ದಾಚಿಗಾಮ್‌ಗೆ ಉತ್ತರವಾಗಲಾರದು. ಅಷ್ಟು ಎತ್ತರದ ಉಪಗ್ರಹ ಒಂದು ಜಾಗದ ಮೇಲೆ ಕೆಲವೇ ನಿಮಿಷ ಇರುತ್ತದೆ. ಗಡಿಯಾಚೆಯ ರೇಡಾರ್ ಎಲ್ಲಿದೆ ಎಂದು ಅದು ಹೇಳಬಲ್ಲದು; ಕೊರಕಲಿನಲ್ಲಿ ಅಡಗಿ ಪಿಸುಗುಡುವ ಕೈಸೆಟ್ಟು ಬೇರೆಯದೇ ಪ್ರಶ್ನೆ. ‘ಸಂಯುಕ್ತ’ದ ವಾಹನಗಳು ಬಯಲಿಗೆ ಹೊಂದುವಂಥವು. ಬೆಟ್ಟಕ್ಕೆಂದೇ ರೂಪಿಸಿದ ‘ಹಿಮಶಕ್ತಿ’ಯ ಎರಡು ವ್ಯವಸ್ಥೆಗಳಿಗೆ ಸುಮಾರು 3,000 ಕೋಟಿ ರೂಪಾಯಿಯ ಒಪ್ಪಂದವನ್ನು ರಕ್ಷಣಾ ಸಚಿವಾಲಯ ಬಿಇಎಲ್‌ನ ಹೈದರಾಬಾದ್ ಘಟಕದೊಂದಿಗೆ ಮಾಡಿಕೊಂಡದ್ದು 2023ರ ಮಾರ್ಚ್‌ನಲ್ಲಿ. ಕಾರ್ಗಿಲ್ ಮುಗಿದು ಆಗಲೇ ಸುಮಾರು 24 ವರ್ಷವಾಗಿತ್ತು.

ಇಷ್ಟು ತಡವೇಕೆ ಎಂದರೆ ಹಣದ ಮಾತೊಂದೇ ಅಲ್ಲ. ಫಿರಂಗಿಯನ್ನು ಕೊಳ್ಳಬಹುದು. ಕೊಂಡ ದಿನದಿಂದ ಅದು ಗುಂಡು ಹಾರಿಸುತ್ತದೆ. ಶತ್ರುವಿನ ರೇಡಿಯೊ ಹಿಡಿಯುವ ವ್ಯವಸ್ಥೆಯನ್ನು ಹಾಗೆ ಸಿದ್ಧವಾಗಿ ಕೊಳ್ಳಲಾಗುವುದಿಲ್ಲ. ಹೊರಗಿನವರು ಮಾರುವುದು ಅವರಿಗೆ ಗೊತ್ತಿರುವ ಸಿಗ್ನಲ್‌ಗಳನ್ನು ಹಿಡಿಯುವ ಪೆಟ್ಟಿಗೆಯನ್ನು. ನಮ್ಮ ಎದುರಾಳಿ ಯಾವ ಸೆಟ್ಟು ಬಳಸುತ್ತಾನೆ, ಅದು ಸೆಕೆಂಡಿಗೆ ಎಷ್ಟು ಸಲ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಹಾರುತ್ತದೆ, ಶುರುವಾಗುವಾಗ ಅದರ ಅಲೆ ಹೇಗೆ ನಡುಗುತ್ತದೆ ಎಂಬುದನ್ನೆಲ್ಲ ನಾವೇ ಕೇಳಿ, ನಾವೇ ಬರೆದು, ನಾವೇ ಕೂಡಿಹಾಕಬೇಕು. ಯುರೋಪಿನ ಒಂದು ಕಂಪನಿ ಅಲ್ಟ್ರಾ ಸೆಟ್ಟಿನ ಚಹರೆಯನ್ನು ನಮಗೆ ಕೊಡುವುದಿಲ್ಲ. ಕೊಡಬಲ್ಲ ಪೆಟ್ಟಿಗೆಯಿದ್ದರೂ, ಅದರ ಸಾಫ್ಟ್‌ವೇರ್ ತೆರೆಯಲು ಬಿಡದಿದ್ದರೆ, ಎದುರಾಳಿ ಸೆಟ್ಟು ಬದಲಿಸಿದ ಮರುದಿನ ಅದು ಕಿವುಡು. ಸಚಿವರ ಮಾತಿನಲ್ಲಿದ್ದ ‘ನಮ್ಮದೇ ಸಂಸ್ಥೆಗಳು ತಯಾರಿಸಿದ’ ಎಂಬ ವಿವರವನ್ನು ನಾನು ದೇಶಾಭಿಮಾನದ ಅಲಂಕಾರವಾಗಿ ಓದುವುದಿಲ್ಲ, ಆ ಕೆಲಸ ಆದದ್ದಕ್ಕೆ ಕಾರಣವಾಗಿಯೇ ಓದುತ್ತೇನೆ.

ಫ್ರೀಕ್ವೆನ್ಸಿ ಹಾರಿಕೆಯ ಮಾತು ಬಂತು. ನಿಮ್ಮ ಕಿವಿಯ ಬ್ಲೂಟೂತ್ ಸಾಧನವೇ ಸೆಕೆಂಡಿಗೆ 1,600 ಸಲ ಹಾರುತ್ತದೆ. ಸೇನಾ ಸೆಟ್ಟುಗಳೂ ಹೀಗೆ ಹಾರುತ್ತಲೇ ಮಾತಾಡುತ್ತವೆ. ಹಿಂದಿನ ಕಾಲದಂತೆ ಗುಬುಟು ತಿರುಗಿಸುತ್ತ ಒಂದೊಂದೇ ಸ್ಟೇಷನ್ ಹುಡುಕಿದರೆ ಏನೂ ಸಿಗದು. ಇಡೀ ಬ್ಯಾಂಡನ್ನು ಒಟ್ಟಿಗೆ ಡಿಜಿಟಲ್ ಆಗಿ ಬದಲಿಸಿ, ಅದರಲ್ಲಿ ಚದುರಿದ ಮಿಂಚುಗಳನ್ನು ಹೆಕ್ಕಿ, ಒಂದೇ ದಿಕ್ಕಿನಿಂದ ಬಂದವನ್ನು ಒಟ್ಟುಗೂಡಿಸಬೇಕು. ಗಮನಿಸಿ, ಇಲ್ಲಿ ದಿಕ್ಕು ನೆಲೆ ತಿಳಿಯಲು ಮಾತ್ರವಲ್ಲ, ಚೂರುಗಳನ್ನು ಹೊಲಿಯುವ ದಾರವಾಗಿಯೂ ಬೇಕಾಗುತ್ತದೆ. ಇದಕ್ಕೆ ಬೇಕಾದ ಅತಿವೇಗದ ಪರಿವರ್ತಕ ಚಿಪ್ಪುಗಳು, ಲೆಕ್ಕದ ಚಿಪ್ಪುಗಳು ಇಂದಿಗೂ ಬಹುತೇಕ ಅಮೆರಿಕದ ಕಂಪನಿಗಳ ವಿನ್ಯಾಸ. 1998ರ ಪೋಖ್ರಾಣ್ ಪರೀಕ್ಷೆಯ ಬಳಿಕ ನಮ್ಮ ರಕ್ಷಣಾ ಸಂಸ್ಥೆಗಳಿಗೆ ಸರಬರಾಜು ನಿಂತ ಕಾಲವನ್ನು ಕಂಡ ಎಂಜಿನಿಯರುಗಳು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಸಾಫ್ಟ್‌ವೇರ್ ನಮ್ಮದು, ಆಂಟೆನಾ ನಮ್ಮದು, ಪೆಟ್ಟಿಗೆ ನಮ್ಮದು. ನಡುವಿನ ಬೆರಳುಗುರಿನಷ್ಟು ಚಿಪ್ಪು ನಮ್ಮದಾಗದ ತನಕ ಈ ಸ್ವಾವಲಂಬನೆಯ ಬುಡ ಗಟ್ಟಿಯಲ್ಲ.

ಇನ್ನೊಂದು ಕೆಲಸವನ್ನು ಹೊರಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದೆಂದರೆ ಕ್ಯಾಲಿಬ್ರೇಷನ್. ಆಂಟೆನಾವನ್ನು ಜೀಪಿನ ಮೇಲೆ ಕೂರಿಸಿದರೆ ಜೀಪಿನ ಕಬ್ಬಿಣವೇ ಅಲೆಯನ್ನು ಬಾಗಿಸುತ್ತದೆ. ಪ್ರತಿ ಫ್ರೀಕ್ವೆನ್ಸಿಯಲ್ಲಿ, ಪ್ರತಿ ಕೋನದಲ್ಲಿ ಎಷ್ಟು ಬಾಗುತ್ತದೆ ಎಂದು ಅಳೆದು ಪಟ್ಟಿ ಮಾಡಬೇಕು. ಕೇಬಲ್ ಬದಲಿಸಿದರೆ, ಪಕ್ಕದಲ್ಲಿ ಇನ್ನೊಂದು ಕಂಬ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಪ್ರದರ್ಶನದ ಮೈದಾನದಲ್ಲಿ ಒಂದು ಡಿಗ್ರಿ ನಿಖರತೆ ತೋರಿದ ಯಂತ್ರ ಬೆಟ್ಟದಲ್ಲಿ ಹತ್ತು ಡಿಗ್ರಿ ತಪ್ಪುವುದು ಇಂಥ ಕಾರಣಕ್ಕೆ. ಹವ್ಯಾಸಿ ಹ್ಯಾಮ್ ರೇಡಿಯೊದವರು ಆಡುವ ‘ಫಾಕ್ಸ್ ಹಂಟ್’ ಎಂಬ ಆಟದಲ್ಲೂ, ಬಚ್ಚಿಟ್ಟ ಸಣ್ಣ ಪ್ರಸಾರಕವನ್ನು ಕೈ ಆಂಟೆನಾ ಹಿಡಿದು ಹುಡುಕುವಾಗ, ಆಟಗಾರರು ಮೊದಲು ಕಲಿಯುವುದು ತಮ್ಮ ದೇಹವೇ ಸಿಗ್ನಲ್‌ಗೆ ಅಡ್ಡ ಬರುತ್ತದೆ ಎಂಬುದನ್ನು. ಇಂದು ಐದು ಚಾನೆಲ್‌ಗಳ ಕ್ರಾಕನ್‌ಎಸ್‌ಡಿಆರ್‌ನಂಥ ದಿಕ್ಕು ಪತ್ತೆಯ ಸಾಧನಗಳು ಹವ್ಯಾಸಿಗಳ ಕೈಗೂ ಎಟುಕುವ ಬೆಲೆಗೆ ಬಂದಿವೆ. ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರನ್ನು ಕಾನೂನಿನ ಚೌಕಟ್ಟಿನೊಳಗೆ ಹ್ಯಾಮ್ ಪರವಾನಗಿ ಕೊಡಿಸಿ ಈ ಆಟಕ್ಕೆ ಹಚ್ಚಿದರೆ ನಾಳೆಯ ಪ್ರಯೋಗಾಲಯಕ್ಕೆ ಬೇಕಾದ ಜನ ಅಲ್ಲೇ ತಯಾರಾಗುತ್ತಾರೆ ಎಂದು ನನ್ನ ನಂಬಿಕೆ.

ನಮ್ಮ ಕರಾವಳಿ ಮತ್ತು ಮಲೆನಾಡಿನ ಕಾಡುಗಳಲ್ಲಿ ಥುರಾಯ ಸ್ಯಾಟಲೈಟ್ ಫೋನ್ ಸದ್ದು ಮಾಡಿತು ಎಂಬ ಸುದ್ದಿ ಆಗಾಗ ಬರುವುದುಂಟು. ಅದೂ ಇದೇ ವಿದ್ಯೆಯ ಫಲ, ಆದರೆ ಸುಲಭದ ಬಗೆ: ಆ ಫೋನು ತನ್ನ ಜಿಪಿಎಸ್ ನೆಲೆಯನ್ನು ತಾನೇ ಜಾಲಕ್ಕೆ ಹೇಳುತ್ತದೆ. ಕಷ್ಟವಿರುವುದು ಆಮೇಲೆ. ಗುರುತು ಸಿಕ್ಕು ಪೊಲೀಸರು ಕಾಡಿನ ಆ ಜಾಗ ತಲುಪುವ ಹೊತ್ತಿಗೆ ಮಾತಾಡಿದವನು ಅಲ್ಲಿರಬೇಕೆಂದಿಲ್ಲ.

2025ರ ಮೇ ತಿಂಗಳು ಇನ್ನೊಂದು ಮುಖವನ್ನೂ ತೋರಿಸಿತು. ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್‌ಗಳನ್ನು ಕಳಿಸಿತೆಂದು ಮರುದಿನ ದೇಶಕ್ಕೆ ತಿಳಿಸಿದ ಕರ್ನಲ್ ಸೋಫಿಯಾ ಖುರೇಷಿ ಸೇನೆಯ ಸಿಗ್ನಲ್ಸ್ ವಿಭಾಗದವರು. ಬೆಳಗಾವಿ ಜಿಲ್ಲೆಯ ಸೊಸೆ ಎಂದು ನಮ್ಮವರು ಆಗ ಅಕ್ಕರೆಯಿಂದ ಹೇಳಿಕೊಂಡರು. ಡ್ರೋನ್ ಮತ್ತು ಅದನ್ನು ನಡೆಸುವವನ ನಡುವಿನ ರೇಡಿಯೊ ಕೊಂಡಿಯನ್ನು ಕೇಳಿಸಿಕೊಂಡರೆ ಬರುವುದೂ ತಿಳಿಯುತ್ತದೆ, ನಡೆಸುವವನು ಕೂತ ಜಾಗವೂ ತಿಳಿಯುತ್ತದೆ. ಬಿಇಎಲ್ ತಯಾರಿಸುವ ಡಿಆರ್‌ಡಿಒದ, ಡ್ರೋನ್ ತಡೆಯುವ ‘ಡಿ4’ ವ್ಯವಸ್ಥೆ ರೇಡಾರ್ ಜೊತೆಗೆ ಈ ಕೇಳುವಿಕೆಯನ್ನೂ ನೆಚ್ಚುತ್ತದೆ. ಆದರೆ 2024ರಿಂದ ಉಕ್ರೇನ್ ರಣರಂಗದಲ್ಲಿ ಕೂದಲಿನಷ್ಟು ತೆಳುವಾದ ಆಪ್ಟಿಕಲ್ ಫೈಬರ್ ಎಳೆಯನ್ನು ಹಿಂದೆ ಬಿಚ್ಚಿಕೊಂಡು ಹತ್ತಾರು ಕಿ.ಮೀ. ಹಾರುವ ಡ್ರೋನ್‌ಗಳು ತುಂಬಿವೆ. ಅವು ಒಂದು ಮಾತೂ ಆಡುವುದಿಲ್ಲ. ರೇಡಿಯೊ ಕಿವಿಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಕೇಳುವ ವ್ಯವಸ್ಥೆಗಾಗಿ ನಾವು ಹಾಕುವ ಹಣದಲ್ಲಿ ರೇಡಾರ್, ಕ್ಯಾಮೆರಾ, ಮೋಟರಿನ ಗುಂಯ್‌ಗುಡುವಿಕೆ ಹಿಡಿಯುವ ಮೈಕುಗಳಿಗೂ ಪಾಲು ಇಡದಿದ್ದರೆ ನಾಳೆ ಬರಿದೇ ಕಿವಿಗೊಟ್ಟು ಕೂರುವಂತಾಗುತ್ತದೆ.

ಒಂದು ಮಾತನ್ನು ಬಿಡುವಂತಿಲ್ಲ. ಕಾಡಿನಲ್ಲಿ ಉಗ್ರನ ಸೆಟ್ಟು ಹುಡುಕುವ ಯಂತ್ರ ಊರಿನಲ್ಲಿ ಯಾರ ಫೋನನ್ನೂ ಹುಡುಕಬಲ್ಲದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಯಾವ ಯಂತ್ರ ಯಾರ ಅನುಮತಿಯಿಂದ ಎಲ್ಲಿ ತಿರುಗಿತು ಎಂಬ ದಾಖಲೆ ಯಂತ್ರದೊಳಗೇ, ಅಳಿಸಲಾಗದಂತೆ ಇರಬೇಕು. ವಿನ್ಯಾಸದ ಹಂತದಲ್ಲೇ ಸೇರಿಸಿದರೆ ಇದು ದೊಡ್ಡ ಖರ್ಚಿನ ಬಾಬ್ತಲ್ಲ.

ಮತ್ತೆ ದಾಚಿಗಾಮ್‌ಗೆ ಬರುತ್ತೇನೆ. ಆ ಎರಡು ತಿಂಗಳಲ್ಲಿ ಪೆಟ್ಟಿಗೆ ಹೊತ್ತು ನಡೆದವರಿಗೆ ಯಾವ ಪ್ರಯೋಗಾಲಯಕ್ಕೂ ಗೊತ್ತಿಲ್ಲದ ಸಂಗತಿಗಳು ಗೊತ್ತಾಗಿರುತ್ತವೆ. ಚಳಿಗೆ ಬ್ಯಾಟರಿ ಎಷ್ಟು ಹೊತ್ತು ಬಂತು, ಯಾವ ಕೊರಕಲಿನಲ್ಲಿ ಯಂತ್ರ ಬಂಡೆಯತ್ತ ಬೆರಳು ತೋರಿಸಿತು, ಕೈಗವಸು ಹಾಕಿಕೊಂಡ ಬೆರಳಿಗೆ ಯಾವ ಗುಂಡಿ ಸಿಗಲಿಲ್ಲ, ಪರದೆಯ ಬೆಳಕು ಕತ್ತಲಲ್ಲಿ ಎಷ್ಟು ದೂರ ಕಂಡಿತು. ಉಕ್ರೇನಿನಲ್ಲಿ ಮುಂಚೂಣಿಯ ಇಂಥ ದೂರುಗಳು ವಾರಗಳಲ್ಲಿ ಹೊಸ ಸಾಫ್ಟ್‌ವೇರ್ ಆಗಿ ಮರಳಿ ಬರುತ್ತವೆ. ನಮ್ಮ ಖರೀದಿ ನಿಯಮಗಳಲ್ಲಿ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಎಲ್ಲ ಗುಣಲಕ್ಷಣಗಳನ್ನು ಬರೆದು ಮುಗಿಸಬೇಕು. ಆಮೇಲಿನ ಪ್ರತಿ ತಿದ್ದುಪಡಿಗೂ ಕಡತ ಓಡಬೇಕು. ಸಿಗ್ನಲ್ಸ್ ವಿಭಾಗದ ಒಬ್ಬ ಹವಾಲ್ದಾರ್ ಮತ್ತು ಹೈದರಾಬಾದಿನ ಅಥವಾ ಜಾಲಹಳ್ಳಿಯ ಒಬ್ಬ ಎಂಜಿನಿಯರ್ ಒಂದೇ ಮೇಜಿನಲ್ಲಿ ಆರು ತಿಂಗಳು ಕೂರಲು ಬೇಕಾದ ಹುದ್ದೆಯನ್ನು ಆ ನಿಯಮಗಳಲ್ಲಿ ಮೊದಲು ಸೃಷ್ಟಿಸಬೇಕು. ಹಿಮಶಕ್ತಿಯ ಲಾರಿಗಳು ಸೇನೆಗೆ ಸೇರುವಾಗ ಅವುಗಳ ಜೊತೆ ಬೆನ್ನಿಗೇರಿಸುವ ಹಗುರವಾದ ಪೆಟ್ಟಿಗೆಗಳೂ ಸೇರಲಿ. ಅವುಗಳ ಮೊದಲ ವಿನ್ಯಾಸ ಸಭೆಗೆ ದಾಚಿಗಾಮ್‌ನಲ್ಲಿ ನಡೆದವರನ್ನೇ ಕರೆಯಲಿ.